ಕೈ ಕಣ್ಣಿಗಿಂತ ವೇಗವೇ? ಹೂಡಿನಿಯನ್ನೇ ತಬ್ಬಿಬ್ಬು ಮಾಡಿದ ಡೈ ವರ್ನನ್ ಕಥೆ

ಇಸ್ಪೀಟ್ ಜಾದೂವಿನ ಒಂದಾದರೂ ವಿಡಿಯೋ ನಿಮ್ಮ ವಾಟ್ಸಾಪ್‌ಗೆ ಬಂದಿರುತ್ತದೆ. ಎದುರಿಗೆ ಕುಳಿತವರು ಒಂದು ಎಲೆ ತೆಗೆಯುತ್ತಾರೆ, ಅದರ ಮೇಲೆ ಪೆನ್ನಿನಿಂದ ಸಹಿ ಹಾಕುತ್ತಾರೆ. ಜಾದೂಗಾರ ಅದನ್ನು ಕಟ್ಟಿನ ನಡುವೆ ತೂರಿಸುತ್ತಾನೆ. ಒಂದು ಚಿಟಿಕೆ ಹೊಡೆಯುತ್ತಾನೆ. ಮೇಲಿನ ಎಲೆ ತಿರುಗಿಸಿದರೆ ಅದೇ ಸಹಿ! ವಿಡಿಯೋ ಕೆಳಗೆ ಸಾಮಾನ್ಯವಾಗಿ ಮೂರು ಥರದ ಕಾಮೆಂಟ್‌ಗಳು ಇರುತ್ತವೆ. ಕೈ ಕಣ್ಣಿಗಿಂತ ವೇಗವಾಗಿ ಓಡುತ್ತದೆ ಎನ್ನುವವರು ಕೆಲವರು. ಇದು ಎಡಿಟಿಂಗ್ ಎನ್ನುವವರು ಕೆಲವರು. ನಾನು ಎದುರಿಗೆ ಇದ್ದಿದ್ದರೆ ಹಿಡಿದುಬಿಡುತ್ತಿದ್ದೆ ಎನ್ನುವವರು ಉಳಿದವರು.

ಈ ಮೂರೂ ಏಕೆ ಸರಿಯಲ್ಲ ಎಂಬುದನ್ನು ಒಬ್ಬ ವ್ಯಕ್ತಿಯ ಬದುಕಿನ ಮೂಲಕ ನೋಡೋಣ. ಅವರ ಹೆಸರು ಡೈ ವರ್ನನ್. ಜಗತ್ತಿನ ಜಾದೂಗಾರರು ಅವರನ್ನು ಪ್ರೊಫೆಸರ್ ಎಂದು ಕರೆಯುತ್ತಿದ್ದರು. ಯಾವ ಕಾಲೇಜಿನಲ್ಲೂ ಪಾಠ ಮಾಡಿದವರಲ್ಲ. ಆದರೆ 20ನೇ ಶತಮಾನದ ಇಸ್ಪೀಟ್ ಜಾದೂ ಇಂದು ನಾವು ನೋಡುವ ರೂಪಕ್ಕೆ ಬಂದಿದ್ದರಲ್ಲಿ ಅವರಷ್ಟು ಪಾಲು ಇರುವವರು ಕಡಿಮೆ.

ಶಿಕಾಗೋದ ಆ ರಾತ್ರಿ

1922ರ ಫೆಬ್ರವರಿ. ಅಮೆರಿಕದ ಶಿಕಾಗೋ ನಗರದ ಗ್ರೇಟ್ ನಾರ್ದರ್ನ್ ಹೋಟೆಲ್‌ನಲ್ಲಿ ಜಾದೂಗಾರರು ಸೇರಿದ್ದರು. ಅಂದಿನ ಮುಖ್ಯ ಅತಿಥಿ ಹ್ಯಾರಿ ಹೂಡಿನಿ. ಕೈಕೋಳ, ಸರಪಳಿ, ಬೀಗ ಹಾಕಿದ ಪೆಟ್ಟಿಗೆ ಯಾವುದರಿಂದ ಬೇಕಾದರೂ ಹೊರಬರುತ್ತಿದ್ದ ಹೂಡಿನಿ ಆಗ ಮನೆಮಾತಾಗಿದ್ದರು. ಅವರು ವೃತ್ತಿ ಶುರು ಮಾಡಿದ್ದು ಮಾತ್ರ ಇಸ್ಪೀಟ್ ಎಲೆಗಳಿಂದ. ಹಳೆಯ ಪೋಸ್ಟರ್‌ಗಳಲ್ಲಿ ತಮ್ಮನ್ನು ಇಸ್ಪೀಟಿನ ರಾಜ ಎಂದೇ ಕರೆದುಕೊಂಡಿದ್ದರು. ಯಾವ ಟ್ರಿಕ್ ಆದರೂ ಮೂರು ಸಲ ತೋರಿಸಿದರೆ ಸಾಕು, ಅದರ ಗುಟ್ಟು ಹೇಳಿಬಿಡುತ್ತೇನೆ ಎಂಬುದು ಅವರ ಸವಾಲಾಗಿತ್ತು.

ಆ ರಾತ್ರಿ 27 ವರ್ಷದ ತರುಣನೊಬ್ಬ ಎದುರಿಗೆ ಕುಳಿತ. ಹೂಡಿನಿಗೆ ಒಂದು ಎಲೆ ತೆಗೆಯಲು ಹೇಳಿ, ಅದರ ಮೇಲೆ ಶಾಯಿಯಲ್ಲಿ ಅವರ ಹೆಸರಿನ ಎರಡು ಮೊದಲಕ್ಷರಗಳನ್ನು ಬರೆಸಿದ. ಎಲೆಯನ್ನು ಮೇಲಿನಿಂದ ಎರಡನೆಯದಾಗಿ ಇಟ್ಟಂತೆ ತೋರಿಸಿದ. ಮೇಲಿನ ಎಲೆ ತಿರುಗಿಸಿದರೆ ಅದು ಹೂಡಿನಿಯ ಎಲೆ. ಮತ್ತೆ ಮಾಡು ಎಂದರು ಹೂಡಿನಿ. ಮತ್ತೆ ಮಾಡಿದ, ಮತ್ತೆ ಅದೇ. ಮೂರು ಸಲದ ಸವಾಲು ಮೀರಿ ಏಳೆಂಟು ಸಲ ಆಯಿತು ಎನ್ನುತ್ತಾರೆ. ಗುಟ್ಟು ಮಾತ್ರ ಹೂಡಿನಿಗೆ ಹೊಳೆಯಲಿಲ್ಲ.

ಆ ತರುಣನೇ ಡೈ ವರ್ನನ್. ಹೂಡಿನಿಯನ್ನು ಮೋಸಗೊಳಿಸಿದ ಮನುಷ್ಯ ಎಂಬ ಬಿರುದು ಅವರ ಹೆಸರಿಗೆ ಅಂಟಿದ್ದು ಹೀಗೆ. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಅದೇ 1920ರ ದಶಕದಲ್ಲಿ ಹೂಡಿನಿ ಸತ್ತವರೊಂದಿಗೆ ಮಾತಾಡುತ್ತೇವೆ ಎನ್ನುವ ಮೋಸಗಾರರನ್ನು ಬಯಲಿಗೆಳೆಯುವ ಕೆಲಸಕ್ಕೆ ಇಳಿದಿದ್ದರು. ಮೋಸ ಹಿಡಿಯುವುದರಲ್ಲಿ ಅಷ್ಟು ಪಳಗಿದವರೇ ಒಂದು ಎಲೆಯ ಮುಂದೆ ಸೋತರು. ಅಂದರೆ ಬುದ್ಧಿವಂತರು ಮೋಸ ಹೋಗುವುದಿಲ್ಲ ಎಂಬ ನಂಬಿಕೆ ಅಲ್ಲೇ ಬಿತ್ತು.

ಒಟ್ಟಾವಾದ ಹುಡುಗ ಮತ್ತು ಒಂದು ಪುಸ್ತಕ

ವರ್ನನ್ ಹುಟ್ಟಿದ್ದು 1894ರ ಜೂನ್ 11ರಂದು, ಕೆನಡಾದ ಒಟ್ಟಾವಾದಲ್ಲಿ. ಮನೆಯವರು ಇಟ್ಟ ಹೆಸರು ಡೇವಿಡ್ ಫ್ರೆಡರಿಕ್ ವಿಂಗ್‌ಫೀಲ್ಡ್ ವರ್ನರ್. ತಂದೆ ಸರ್ಕಾರಿ ನೌಕರರು, ಹವ್ಯಾಸಕ್ಕೆ ಜಾದೂ ಮಾಡುತ್ತಿದ್ದರು. ಏಳನೇ ವಯಸ್ಸಿಗೆ ತಂದೆಯಿಂದ ಮೊದಲ ಜಾದೂ ಕಲಿತ ಮಗ, ಮುಂದೆ ಮುದುಕರಾದ ಮೇಲೂ ತಮ್ಮ ಬದುಕಿನ ಮೊದಲ ಆರು ವರ್ಷ ದಂಡವಾಯಿತು ಎಂದು ತಮಾಷೆ ಮಾಡುತ್ತಿದ್ದರು.

1902ರಲ್ಲಿ ಶಿಕಾಗೋದಲ್ಲಿ ಒಂದು ಪುಸ್ತಕ ಅಚ್ಚಾಗಿತ್ತು. ಲೇಖಕರ ಹೆಸರು ಎಸ್. ಡಬ್ಲ್ಯೂ. ಅರ್ಡ್ನೇಸ್. ಇಸ್ಪೀಟ್ ಆಟದಲ್ಲಿ ಮೋಸ ಮಾಡುವವರ ಕೈಕೆಲಸವನ್ನು ಅದರಲ್ಲಿ ಚಿತ್ರ ಸಹಿತ ಬಿಡಿಸಿ ಹೇಳಲಾಗಿತ್ತು. ಆ ಹೆಸರು ಗುಪ್ತನಾಮ. ನಿಜವಾದ ಲೇಖಕ ಯಾರು ಎಂಬುದು ಇಂದಿಗೂ ಖಚಿತವಾಗಿ ಗೊತ್ತಾಗಿಲ್ಲ. ಹುಡುಗ ವರ್ನನ್‌ಗೆ ಈ ಪುಸ್ತಕ ಸಿಕ್ಕಿತು. ಬೇರೆ ಮಕ್ಕಳು ಮಗ್ಗಿ ಬಾಯಿಪಾಠ ಮಾಡುವ ಹಾಗೆ ಅದನ್ನು ಸಾಲು ಸಾಲಾಗಿ ಅರೆದು ಕುಡಿದರು. ತೊಂಬತ್ತು ದಾಟಿದ ಮೇಲೂ ಅದೇ ಪುಸ್ತಕದ ಮಾತು ಅವರ ಬಾಯಲ್ಲಿತ್ತು.

ಅಲ್ಲಿ ಅವರಿಗೆ ಹೊಳೆದ ಸಂಗತಿ ಸರಳ. ವೇದಿಕೆಯ ಜಾದೂಗಾರ ಕೈ ಬೀಸುತ್ತಾನೆ, ಎಲೆಗಳನ್ನು ಗಾಳಿಯಲ್ಲಿ ಹಾರಿಸುತ್ತಾನೆ, ತನ್ನ ಜಾಣ್ಮೆ ಎಲ್ಲರಿಗೂ ಕಾಣಲಿ ಎನ್ನುತ್ತಾನೆ. ಜೂಜಿನ ಮನೆಯ ಮೋಸಗಾರ ಹಾಗೆ ಮಾಡಿದರೆ ಪೆಟ್ಟು ತಿನ್ನುತ್ತಾನೆ. ಅವನು ಎಲೆ ಕಲಸುವುದು, ಹಂಚುವುದು ಪಕ್ಕದಲ್ಲಿ ಕುಳಿತ ಸಾಮಾನ್ಯ ಆಟಗಾರನ ಹಾಗೇ ಇರಬೇಕು. ಮೋಸವೇ ಕಾಣದಿದ್ದರೆ ಹುಡುಕುವುದು ಏನನ್ನು? ಈ ಸಹಜತೆಯನ್ನು ಜೂಜಿನ ಮನೆಯಿಂದ ಜಾದೂವಿಗೆ ತಂದಿದ್ದು ವರ್ನನ್ ಅವರ ದೊಡ್ಡ ಕೆಲಸ.

ಕೆನಡಾದ ರಾಯಲ್ ಮಿಲಿಟರಿ ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಲು ಸೇರಿದರೂ ಮನಸ್ಸು ನಿಲ್ಲಲಿಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ನ್ಯೂಯಾರ್ಕ್ ಸೇರಿದರು. ಹೊಟ್ಟೆಪಾಡಿಗೆ ಹಿಡಿದಿದ್ದು ಕತ್ತರಿ. ಕೋನಿ ಐಲ್ಯಾಂಡ್ ಎಂಬ ಕಡಲತೀರದ ಮೋಜಿನ ಜಾಗದಲ್ಲಿ ಬರುವವರ ಮುಖವನ್ನು ಪಕ್ಕದಿಂದ ನೋಡಿ, ಕಪ್ಪು ಕಾಗದದಲ್ಲಿ ಅದೇ ಆಕಾರ ಕತ್ತರಿಸಿ ಕೊಡುತ್ತಿದ್ದರು. ವರ್ನರ್ ಎಂಬ ಹೆಸರನ್ನು ಅಲ್ಲಿಯವರು ವರ್ನನ್ ಎಂದೇ ಕರೆಯತೊಡಗಿದರು, ಅದೇ ನಿಂತಿತು. ಜಾದೂ ಅವರ ಹುಚ್ಚು, ಅನ್ನ ಕೊಟ್ಟಿದ್ದು ಬಹುಕಾಲ ಈ ಕತ್ತರಿಯೇ.

ಹಾಗಾದರೆ ಹೂಡಿನಿ ಸೋತಿದ್ದು ಏಕೆ?

ಈ ಟ್ರಿಕ್‌ಗೆ ಜಾದೂಗಾರರ ನಡುವೆ ಒಂದು ಹೆಸರಿದೆ: ಮಹತ್ವಾಕಾಂಕ್ಷಿ ಎಲೆ. ಎಲ್ಲಿಟ್ಟರೂ ಮೇಲೇರಿ ಬರುವ ಎಲೆ ಎಂಬ ಅರ್ಥದಲ್ಲಿ. ಇದರ ಮೂಲ ತತ್ವ ಇಂದು ಜಾದೂ ಕಲಿಯುವವರ ಮೊದಲ ಪುಸ್ತಕದಲ್ಲೇ ಇರುತ್ತದೆ, ಆದ್ದರಿಂದ ಇಲ್ಲಿ ಹೇಳಿದರೆ ಯಾರ ಹೊಟ್ಟೆಯ ಮೇಲೂ ಹೊಡೆದಂತೆ ಆಗುವುದಿಲ್ಲ. ಎರಡು ಎಲೆಗಳನ್ನು ಅಂಚಿಗೆ ಅಂಚು ಸೇರಿಸಿ ಒಂದೇ ಎಲೆ ಎಂಬಂತೆ ತಿರುಗಿಸುವುದು. 1922ರಲ್ಲಿ ಇದು ಹೆಚ್ಚು ಮಂದಿಗೆ ಗೊತ್ತಿರಲಿಲ್ಲ. ಇದನ್ನು ಅಷ್ಟು ನಿರಾಯಾಸವಾಗಿ ಮಾಡುವವರಂತೂ ತೀರಾ ಕಡಿಮೆ.

ಈಗ ಲೆಕ್ಕ ನೋಡಿ. ಮೇಲಿನ ಎಲೆ ಎಂದು ತೋರಿಸಿದ್ದು ನಿಜಕ್ಕೂ ಎರಡನೆಯದು. ಎರಡನ್ನೂ ಒಟ್ಟಿಗೆ ಮತ್ತೆ ಬೋರಲು ಮಾಡಿದ ಮೇಲೆ, ಮೇಲಿನದನ್ನು ಮಾತ್ರ ತೆಗೆದು ಒಳಗೆ ತೂರಿಸಿದರೆ ಒಳಗೆ ಹೋಗಿದ್ದು ಬೇರಾವುದೋ ಎಲೆ. ನಿಮ್ಮ ಎಲೆ ಮೇಲೇ ಉಳಿದಿದೆ. ನೋಡುವವರು ಕಣ್ಣು ಬಿಟ್ಟು ಕಾಯುವುದು ಎಲೆ ಒಳಗೆ ಹೋಗುವ ಕ್ಷಣವನ್ನು. ಆ ಹೊತ್ತಿಗೆ ಕೆಲಸ ಮುಗಿದಿರುತ್ತದೆ! ಟ್ರಿಕ್ ಈಗ ಶುರುವಾಗುತ್ತದೆ ಎಂದು ನೀವು ಅಂದುಕೊಂಡಾಗ ಅದು ಆಗಲೇ ಮುಗಿದಿದೆ. ಹೂಡಿನಿ ಎಷ್ಟು ಸಲ ನೋಡಿದರೂ ತಪ್ಪು ಕ್ಷಣವನ್ನೇ ನೋಡುತ್ತಿದ್ದರು.

ಸಹಿ ಇದ್ದಿದ್ದರಿಂದ ಇನ್ನೊಂದು ಬಾಗಿಲೂ ಮುಚ್ಚಿತ್ತು. ಅದೇ ಥರದ ಇನ್ನೊಂದು ಎಲೆಯನ್ನು ಬಚ್ಚಿಟ್ಟಿದ್ದಾನೆ ಎಂಬ ಅನುಮಾನಕ್ಕೆ ಅಲ್ಲಿ ಜಾಗವಿಲ್ಲ. ಒಂದೇ ಎಲೆ ತಿರುಗಿತು ಎಂಬುದನ್ನು ಮಾತ್ರ ಯಾರೂ ಪ್ರಶ್ನಿಸಲಿಲ್ಲ. ಪ್ರಶ್ನಿಸಬೇಕು ಎಂದು ಅನ್ನಿಸುವುದೂ ಇಲ್ಲ, ಏಕೆಂದರೆ ನಾವು ಹುಟ್ಟಿದಾಗಿನಿಂದ ನೋಡಿದ್ದು ಎಲೆಗಳು ಒಂದೊಂದಾಗಿ ತಿರುಗುವುದನ್ನೇ.

ವಿಜ್ಞಾನ ಏನು ಹೇಳುತ್ತದೆ?

ಕೈ ಕಣ್ಣಿಗಿಂತ ವೇಗ ಎಂಬ ಮಾತನ್ನು ವಿಜ್ಞಾನಿಗಳು ಪರೀಕ್ಷಿಸಿ ನೂರು ವರ್ಷಕ್ಕೂ ಹೆಚ್ಚಾಯಿತು. 1896ರಲ್ಲಿ ಅಮೆರಿಕದ ಮನೋವಿಜ್ಞಾನಿ ಜೋಸೆಫ್ ಜಾಸ್ಟ್ರೋ ಆ ಕಾಲದ ಇಬ್ಬರು ಹೆಸರಾಂತ ಜಾದೂಗಾರರನ್ನು, ಅಲೆಕ್ಸಾಂಡರ್ ಹರ್ಮನ್ ಮತ್ತು ಹ್ಯಾರಿ ಕೆಲ್ಲರ್ ಅವರನ್ನು, ತಮ್ಮ ಪ್ರಯೋಗಾಲಯದಲ್ಲಿ ಪರೀಕ್ಷೆಗೆ ಒಳಪಡಿಸಿದರು. ಕೈಯ ಚಲನೆ, ಸ್ಪರ್ಶದ ಸೂಕ್ಷ್ಮತೆ, ಪ್ರತಿಕ್ರಿಯೆಯ ವೇಗ ಮುಂತಾದವನ್ನು ಅಳೆದರು. ಸಾಮಾನ್ಯರನ್ನು ಮೀರಿಸುವ ಅದ್ಭುತ ವೇಗವೇನೂ ಅಲ್ಲಿ ಕಾಣಲಿಲ್ಲ.

ಬುದ್ಧಿಮತ್ತೆ ಪರೀಕ್ಷೆಗೆ ಹೆಸರಾದ ಫ್ರಾನ್ಸ್‌ನ ಆಲ್ಫ್ರೆಡ್ ಬಿನೆ ಕೂಡ 1890ರ ದಶಕದಲ್ಲಿ ಜಾದೂಗಾರರ ಕೈಗಳನ್ನು ಒಂದರ ಹಿಂದೊಂದು ಫೋಟೋ ತೆಗೆಸಿ ನೋಡಿದರು. ಚಿತ್ರಗಳನ್ನು ಬಿಡಿಬಿಡಿಯಾಗಿ ನೋಡಿದಾಗ ಭ್ರಮೆ ಉಳಿಯಲಿಲ್ಲ. ಅಂದರೆ ಗುಟ್ಟು ಕಣ್ಣಿಗೆ ಕಾಣದಷ್ಟು ವೇಗದಲ್ಲಿ ನಡೆಯುವುದಿಲ್ಲ. ಅದು ಕಣ್ಣೆದುರೇ ನಡೆಯುತ್ತದೆ, ನಮ್ಮ ಗಮನ ಅಲ್ಲಿರುವುದಿಲ್ಲ.

ನಮ್ಮ ಭಾಷೆಯಲ್ಲಿ ಜಾದೂವಿಗೆ ಕಣ್ಕಟ್ಟು ಎನ್ನುತ್ತೇವೆ. ಚೆಂದದ ಪದ. ಆದರೆ ಕಟ್ಟುವುದು ಕಣ್ಣನ್ನಲ್ಲ. ಕಣ್ಣು ನೋಡುತ್ತಲೇ ಇರುತ್ತದೆ. ಅದರ ಹಿಂದಿರುವ ಮಿದುಳು ಬಂದ ಎಲ್ಲ ಮಾಹಿತಿಯನ್ನೂ ಒಂದೇ ತೂಕದಲ್ಲಿ ಅಳೆಯುವುದಿಲ್ಲ. ಮುಖ್ಯ ಎನ್ನಿಸಿದ್ದನ್ನು ಹಿಡಿದುಕೊಳ್ಳುತ್ತದೆ, ಮಾಮೂಲಿ ಎನ್ನಿಸಿದ್ದನ್ನು ಬಿಟ್ಟುಬಿಡುತ್ತದೆ. ಇದು ದೋಷವಲ್ಲ, ದಿನವೂ ಬದುಕಲು ಬೇಕಾದ ಮಿತವ್ಯಯ. ವರ್ನನ್ ಗುಟ್ಟನ್ನೆಲ್ಲ ಮಾಮೂಲಿ ಎನ್ನಿಸುವ ಚಲನೆಗಳ ಒಳಗೆ ಇಟ್ಟರು. ಗೊಂದಲ ಮಾಡುವುದು ಜಾದೂ ಅಲ್ಲ ಎಂಬುದು ಅವರು ಶಿಷ್ಯರಿಗೆ ಮತ್ತೆ ಮತ್ತೆ ಹೇಳುತ್ತಿದ್ದ ಪಾಠ.

ನಡುವಿನಿಂದ ಎಲೆ ಹಂಚುವವನ ಹುಡುಕಾಟ

ಹೂಡಿನಿಯ ಪ್ರಸಂಗದ ನಂತರ ವರ್ನನ್ ಹಣ ಮಾಡಿದರು ಎಂದುಕೊಂಡರೆ ತಪ್ಪು. 1924ರಲ್ಲಿ ಜೀನ್ ಹೇಯ್ಸ್ ಅವರನ್ನು ಮದುವೆಯಾದರು, ಇಬ್ಬರು ಗಂಡು ಮಕ್ಕಳಾದರು. ಆದರೆ ಊರೂರು ಅಲೆದು ಮುಖದ ನೆರಳುಚಿತ್ರ ಕತ್ತರಿಸುವುದೇ ಸಂಪಾದನೆ. ಉಳಿದ ಹೊತ್ತೆಲ್ಲ ಎಲ್ಲಿ ಯಾವ ಜೂಜುಗಾರ ಯಾವ ಹೊಸ ಕೈಕೆಲಸ ಬಲ್ಲ ಎಂಬ ಹುಡುಕಾಟ.

1932ರಲ್ಲಿ, ಅಮೆರಿಕ ಆರ್ಥಿಕ ಕುಸಿತದಲ್ಲಿ ಮುಳುಗಿದ್ದಾಗ, ಕಾನ್ಸಾಸ್ ರಾಜ್ಯದ ವಿಚಿಟಾ ಊರಿನ ಜೈಲಿನಲ್ಲಿ ಒಬ್ಬ ಜೂಜುಗಾರನನ್ನು ವರ್ನನ್ ಭೇಟಿಯಾದರು. ಕಟ್ಟಿನ ನಡುವಿನಿಂದ ಎಲೆ ಹಂಚುವವನೊಬ್ಬನನ್ನು ನೋಡಿದ್ದೇನೆ ಎಂದು ಅವನು ಹೇಳಿದ.

ಇದರಲ್ಲೇನು ವಿಶೇಷ? ಇಸ್ಪೀಟ್ ಆಡುವವರಿಗೆ ಗೊತ್ತು, ಎಲೆ ಕಲಸಿದ ಮೇಲೆ ಎದುರಿನವರು ಕಟ್ ಮಾಡುತ್ತಾರೆ. ಮೋಸಗಾರ ತನಗೆ ಬೇಕಾದ ಎಲೆಗಳನ್ನು ಅಡಿಯಲ್ಲಿ ಇಟ್ಟುಕೊಂಡಿದ್ದರೆ, ಕಟ್ ಮಾಡಿದ ತಕ್ಷಣ ಅವು ನಡುವಿಗೆ ಹೋಗಿಬಿಡುತ್ತವೆ. ಕಟ್ ಮಾಡುವ ಪದ್ಧತಿ ಬಂದಿರುವುದೇ ಮೋಸಕ್ಕೆ ಅಡ್ಡಗಾಲು ಹಾಕಲು. ನಡುವಿನಿಂದಲೇ ಎಲೆ ಎಳೆದು, ಮೇಲಿನಿಂದ ಹಂಚಿದಂತೆ ಕಾಣಿಸಬಲ್ಲವನಿಗೆ ಆ ಅಡ್ಡಗಾಲು ಲೆಕ್ಕಕ್ಕೇ ಇಲ್ಲ. ಇದು ಆಗದ ಕೆಲಸ ಎಂದೇ ಜಾದೂಗಾರರು ನಂಬಿದ್ದರು.

ವರ್ನನ್ ಹುಡುಕುತ್ತಾ ಹೊರಟರು. ಕೊನೆಗೆ ಮಿಸೌರಿ ರಾಜ್ಯದ ಪ್ಲೆಸೆಂಟ್ ಹಿಲ್ ಎಂಬ ಪುಟ್ಟ ಊರಿನಲ್ಲಿ ಆ ಮನುಷ್ಯ ಸಿಕ್ಕ. ಹೆಸರು ಆಲನ್ ಕೆನಡಿ. ವರ್ನನ್ ಕಣ್ಣೆದುರೇ ನಡುವಿನಿಂದ ಎಲೆ ಹಂಚಿ ತೋರಿಸಿದ. ಇದು ರೋಚಕ ಕಥೆ ನಿಜ. ಆದರೆ ಆ ಹುಡುಕಾಟದ ದಿನಗಳಲ್ಲಿ ಮನೆ ನಡೆಸುವ ಭಾರ ಜೀನ್ ಮೇಲಿತ್ತು ಎಂಬುದನ್ನೂ ಹೇಳಬೇಕು. ಪ್ರತಿಭೆಯ ಕಥೆಗಳಲ್ಲಿ ಈ ಭಾಗ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

ಮುರಿದ ತೋಳುಗಳು

1940ರ ದಶಕದ ಆರಂಭದಲ್ಲಿ ವರ್ನನ್ ನ್ಯೂಯಾರ್ಕಿನ ಈಸ್ಟ್ ನದಿಯ ದಡದಲ್ಲಿ ನಡೆಯುತ್ತಿದ್ದ ನಿರ್ಮಾಣ ಕಾಮಗಾರಿಗೆ ಕೂಲಿಗೆ ಸೇರಿದರು. ಒಂದು ದಿನ ಎತ್ತರದಿಂದ ನದಿಗೆ ಬಿದ್ದರು. ಎರಡೂ ತೋಳುಗಳು ಮುರಿದವು. ಬೆರಳುಗಳೇ ಬಂಡವಾಳವಾಗಿದ್ದವರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಏನಿದೆ?

ಮೂಳೆ ಕೂಡಿತು. ಆದರೆ ತೋಳುಗಳು ಮೊದಲಿನಂತೆ ಆಗಲಿಲ್ಲ. ಅವರ ಅತಿ ಹೆಸರಾದ ಇಸ್ಪೀಟ್ ಪ್ರಯೋಗಗಳು ಅಚ್ಚಿಗೆ ಬಂದು ಲೋಕಕ್ಕೆ ಹರಡಿದ್ದು ಈ ಅಪಘಾತದ ನಂತರ! ವೇಗವೇ ಗುಟ್ಟಾಗಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ಕುಡುಕ ಕೆಡಿಸಿದ ಆಟ, ಗೆದ್ದ ಎಲೆ

1946ರಲ್ಲಿ ಸ್ಟಾರ್ಸ್ ಆಫ್ ಮ್ಯಾಜಿಕ್ ಎಂಬ ಪ್ರಕಟಣೆಯ ಸರಣಿಯಲ್ಲಿ ವರ್ನನ್ ಅವರ ಒಂದು ಪ್ರಯೋಗ ಹೊರಬಂತು. ಹೆಸರು ಟ್ರಯಂಫ್, ಅಂದರೆ ಗೆಲುವು. ಇಂದಿಗೂ ಜಗತ್ತಿನಾದ್ಯಂತ ಜಾದೂಗಾರರು ಇದನ್ನು ತಮ್ಮ ತಮ್ಮ ರೀತಿಯಲ್ಲಿ ಮಾಡುತ್ತಾರೆ. ನಿಮ್ಮ ಮೊಬೈಲ್‌ನಲ್ಲಿ ನೋಡಿದ ಯಾವುದೋ ವಿಡಿಯೋ ಇದೇ ಆಗಿದ್ದರೂ ಆಶ್ಚರ್ಯವಿಲ್ಲ.

ಕಥೆ ಹೀಗೆ ಸಾಗುತ್ತದೆ. ಪ್ರೇಕ್ಷಕರೊಬ್ಬರು ಒಂದು ಎಲೆ ನೋಡಿ ಮರಳಿ ಕಟ್ಟಿಗೆ ಸೇರಿಸುತ್ತಾರೆ. ಜಾದೂಗಾರ ಒಂದು ಹಳೆಯ ಪ್ರಸಂಗ ಹೇಳಲು ಶುರು ಮಾಡುತ್ತಾನೆ. ಹಿಂದೊಮ್ಮೆ ಇದೇ ಆಟ ತೋರಿಸುವಾಗ ಕುಡಿದಿದ್ದ ಒಬ್ಬ ಮನುಷ್ಯ ನಡುವೆ ಬಾಯಿ ಹಾಕಿ, ಕಟ್ಟನ್ನು ಕಿತ್ತುಕೊಂಡು, ಅರ್ಧ ಎಲೆಗಳನ್ನು ಅಂಗಾತ, ಅರ್ಧ ಎಲೆಗಳನ್ನು ಬೋರಲು ಮಾಡಿ ಎಲ್ಲವನ್ನೂ ಕಲಸಿಬಿಟ್ಟನಂತೆ. ಹೇಳುತ್ತಾ ಹೇಳುತ್ತಾ ಜಾದೂಗಾರ ಹಾಗೇ ಕಲಸುತ್ತಾನೆ. ಈಗ ಎಲೆಗಳೆಲ್ಲ ಚಿತ್ರಾನ್ನ. ಹುಡುಕುವುದಿರಲಿ, ಸರಿಮಾಡಿಕೊಳ್ಳುವುದೇ ಕಷ್ಟ. ಆಮೇಲೆ ಕಟ್ಟನ್ನು ಮೇಜಿನ ಮೇಲೆ ಉದ್ದಕ್ಕೆ ಹರಡುತ್ತಾನೆ. ಎಲ್ಲ ಎಲೆಗಳೂ ಬೋರಲು. ನಡುವೆ ಒಂದೇ ಒಂದು ಅಂಗಾತ. ಅದೇ ಪ್ರೇಕ್ಷಕರ ಎಲೆ!

ಅಂಗಾತ, ಬೋರಲು ಮನಸ್ಸಿಗೆ ಬಂದಂತೆ ಬಿದ್ದ 51 ಎಲೆಗಳು ತಾವಾಗಿ ಎಲ್ಲವೂ ಬೋರಲಾಗಿರುವ ಸಾಧ್ಯತೆ ಎಷ್ಟು ಗೊತ್ತೇ? ಎರಡನ್ನು 51 ಬಾರಿ ಗುಣಿಸಿದರೆ ಬರುವ ಸಂಖ್ಯೆಯಲ್ಲಿ ಒಂದು. ಅಂದರೆ 2,200 ಲಕ್ಷ ಕೋಟಿಗಿಂತ ಹೆಚ್ಚಿನದರಲ್ಲಿ ಒಂದು ಸಲ. ನೋಡುವವರು ಈ ಲೆಕ್ಕ ಮಾಡುವುದಿಲ್ಲ. ಆದರೆ ಇದು ತಾನಾಗಿ ಆಗುವ ಮಾತಲ್ಲ ಎಂಬುದು ಹರಡಿದ ಎಲೆಗಳನ್ನು ನೋಡಿದ ಕೂಡಲೇ ಚಿಕ್ಕ ಮಗುವಿಗೂ ಗೊತ್ತಾಗುತ್ತದೆ. ವಿವರಣೆ ಬೇಕಿಲ್ಲ.

ಹೂಡಿನಿಯ ಮುಂದಿನ ಟ್ರಿಕ್‌ಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಅಲ್ಲಿ ಆಟ ಮುಗಿಯುವುದು ಎದುರಿನವರು ಸೋತಾಗ. ಇಲ್ಲಿ ಜಾದೂಗಾರನೇ ಸೋಲುವಂತೆ ಕಾಣುತ್ತಾನೆ. ಕುಡುಕನ ಕೈಯಲ್ಲಿ ಆಟ ಕೆಟ್ಟಿತಲ್ಲ ಎಂದು ನೋಡುವವರಿಗೆ ಅವನ ಮೇಲೆ ಕನಿಕರ ಬರುತ್ತದೆ. ಎಲೆಗಳು ಸರಿಯಾದಾಗ ಎಲ್ಲರೂ ಅವನ ಜೊತೆ ಗೆಲ್ಲುತ್ತಾರೆ. ಎರಡು ತೊಡಕುಗಳಿದ್ದವು: ಕಲಸಿಹೋದ ಕಟ್ಟು, ಕಳೆದುಹೋದ ಎಲೆ. ಎರಡೂ ಒಂದೇ ಗಳಿಗೆಯಲ್ಲಿ, ಒಂದೇ ನೋಟದಲ್ಲಿ ಬಿಡಿಸಿಕೊಂಡವು. ಕೊನೆ ತೃಪ್ತಿ ಕೊಡುವುದು ಈ ಕಾರಣಕ್ಕೆ.

ನೀವೂ ಮಾಡಿ ನೋಡಿ

ಟ್ರಯಂಫ್ ಮಾಡಲು ವರ್ಷಗಳ ಅಭ್ಯಾಸ ಬೇಕು. ಅದರ ದೂರದ ನೆಂಟನಂಥ ಸುಲಭ ಆಟವೊಂದಿದೆ, ಮಕ್ಕಳ ಜಾದೂ ಪುಸ್ತಕಗಳಲ್ಲೂ ಸಿಗುತ್ತದೆ. ಯಾರೂ ನೋಡದಾಗ ಕಟ್ಟಿನ ಅಡಿಯ ಎಲೆಯನ್ನು ಮಾತ್ರ ಅಂಗಾತ ಮಾಡಿ ಇಟ್ಟುಕೊಳ್ಳಿ. ಉಳಿದವೆಲ್ಲ ಬೋರಲು. ಎಲೆಗಳನ್ನು ಬಿಚ್ಚಿ ಹಿಡಿದು ಒಂದನ್ನು ತೆಗೆಯಲು ಹೇಳಿ, ಅಡಿಯ ಎಲೆ ಕಾಣದಂತೆ ನೋಡಿಕೊಳ್ಳಿ. ಅವರು ತಮ್ಮ ಎಲೆ ನೋಡಿ ಪಕ್ಕದವರಿಗೆ ತೋರಿಸುವಾಗ ನಿಮ್ಮ ಕೈ ಕೆಳಗಿಳಿಸಿ ಕಟ್ಟನ್ನು ತಲೆಕೆಳಗು ಮಾಡಿ. ಈಗ ಮೇಲೆ ಕಾಣುವುದು ಒಂದು ಎಲೆಯ ಬೆನ್ನು, ಅದರ ಅಡಿಯಲ್ಲಿರುವುದೆಲ್ಲ ಅಂಗಾತ. ಕಟ್ಟನ್ನು ಬಿಗಿಯಾಗಿ ಹಿಡಿದು ಅವರ ಎಲೆಯನ್ನು ಬೋರಲಾಗಿಯೇ ನಡುವೆ ತೂರಿಸಿಕೊಳ್ಳಿ. ಬೆನ್ನ ಹಿಂದೆ ಒಯ್ದು ಒಂದು ಮಂತ್ರ ಹೇಳುವ ನೆಪದಲ್ಲಿ ಕಟ್ಟನ್ನು ಮತ್ತೆ ತಿರುಗಿಸಿ, ಮುಂದೆ ತಂದು ಹರಡಿ. ಕೊನೆಯ ಒಂದೆರಡು ಎಲೆ ಬಿಚ್ಚಿಕೊಳ್ಳದಂತೆ ಎಚ್ಚರ ವಹಿಸಿ. ಬೋರಲು ಎಲೆಗಳ ನಡುವೆ ಅವರ ಎಲೆ ಒಂದೇ ಅಂಗಾತ ಕಾಣುತ್ತದೆ.

ಗುಟ್ಟು ಇಷ್ಟೇ. ಇದನ್ನು ಒಳ್ಳೆಯ ಆಟವಾಗಿಸುವುದು ಮಾತ್ರ ನಿಮ್ಮ ಕೆಲಸ. ವರ್ನನ್ ಆಟಗಳನ್ನು ನೋಡಿದರೆ ನಾಲ್ಕು ಸೂತ್ರಗಳು ಸಿಗುತ್ತವೆ.

ಒಂದು, ನಡೆದದ್ದನ್ನು ನೋಡಿದವರು ಮನೆಗೆ ಹೋಗಿ ಒಂದೇ ವಾಕ್ಯದಲ್ಲಿ ಹೇಳುವಂತಿರಬೇಕು. ಎಲ್ಲಿಟ್ಟರೂ ಎಲೆ ಮೇಲೆ ಬರುತ್ತದೆ. ಕಲಸಿದ ಕಟ್ಟು ತಾನೇ ಸರಿಯಾಗುತ್ತದೆ. ಹೇಳಲು ಕಾಲು ಗಂಟೆ ಬೇಕಾದರೆ ಆ ಆಟ ಮರೆತುಹೋಗುತ್ತದೆ.

ಎರಡು, ನಿಮ್ಮ ಪ್ರತಿ ಚಲನೆಗೂ ಕಾರಣವಿರಬೇಕು. ಸುಮ್ಮನೆ ಕೈ ಕೆಳಗೆ ಹೋದರೆ ಅನುಮಾನ ಬರುತ್ತದೆ. ಅವರ ಎಲೆ ನನಗೆ ಕಾಣಬಾರದು ಎಂದು ಆಚೆ ತಿರುಗಿ ನಿಂತರೆ ಕೈ ಇಳಿದದ್ದು ಸಹಜವಾಗಿ ಕಾಣುತ್ತದೆ.

ಮೂರು, ಒಂದೇ ಚಮತ್ಕಾರವನ್ನು ಕೆಲವು ಹಂತಗಳಲ್ಲಿ ಮಾಡುವುದಾದರೆ ಪ್ರತಿ ಹಂತವೂ ಹಿಂದಿನ ಅನುಮಾನವೊಂದನ್ನು ಅಳಿಸಬೇಕು. ವೇಗ ಎಂದುಕೊಂಡರೇ? ಮುಂದಿನ ಸಲ ನಿಧಾನವಾಗಿ ಮಾಡಿ. ಇನ್ನೊಂದು ಎಲೆ ಇದೆ ಎಂದುಕೊಂಡರೇ? ಸಹಿ ಹಾಕಿಸಿ. ನಿಮ್ಮ ಕೈಯಲ್ಲೇ ಏನೋ ಇದೆ ಎಂದುಕೊಂಡರೇ? ಕೊನೆಯ ಹಂತ ಅವರ ಕೈಯಲ್ಲೇ ನಡೆಯಲಿ.

ನಾಲ್ಕು, ಕೊನೆ ಬಂದ ಮೇಲೆ ನಿಲ್ಲಿಸಿ. ಒಂದೇ ಆಟವನ್ನು ಅದೇ ಜನರಿಗೆ ಎರಡನೇ ಸಲ ತೋರಿಸಬಾರದು ಎಂಬುದು ಜಾದೂಗಾರರ ಹಳೆಯ ನಿಯಮ. ಶಿಕಾಗೋದಲ್ಲಿ ವರ್ನನ್ ಅದನ್ನು ಏಳೆಂಟು ಸಲ ಮುರಿದರು. ಆದರೆ ಅವರಿಗೆ ಬೇಕಾದ ತಯಾರಿ ಬಾಲ್ಯದಿಂದಲೂ ಇತ್ತು. ನಮ್ಮ ನಿಮ್ಮಂಥವರಿಗೆ ನಿಯಮವೇ ಕ್ಷೇಮ.

ಮನೆ ಬಿಟ್ಟು ಬಂದ ಶಿಷ್ಯ

1959ರಲ್ಲಿ ನ್ಯೂಯಾರ್ಕಿನ 14 ವರ್ಷದ ಹುಡುಗನೊಬ್ಬ ಮನೆ ಬಿಟ್ಟು ವರ್ನನ್ ಜೊತೆ ಊರೂರು ತಿರುಗಲು ಹೊರಟ. ಹೆಸರು ಪರ್ಸಿ ಡಯಕೋನಿಸ್. ಕೆಲವು ವರ್ಷ ಜಾದೂ ಮಾಡಿದ ಮೇಲೆ ಸಂಭವನೀಯತೆಯ ಗಣಿತ ಅರ್ಥಮಾಡಿಕೊಳ್ಳಬೇಕೆಂಬ ಹಟದಿಂದ ಓದಿಗೆ ಮರಳಿದ. ಮುಂದೆ ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಪಡೆದು, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹೆಸರಾಂತ ಗಣಿತಜ್ಞರಾದರು.

1992ರಲ್ಲಿ ಡಯಕೋನಿಸ್ ಮತ್ತು ಡೇವ್ ಬೇಯರ್ ಒಂದು ಪ್ರಬಂಧ ಪ್ರಕಟಿಸಿದರು. ಕಟ್ಟನ್ನು ಎರಡು ಭಾಗ ಮಾಡಿ, ಹೆಬ್ಬೆರಳಿಂದ ಸರ್ರನೆ ಬಿಟ್ಟು ಒಂದರೊಳಗೊಂದು ಸೇರಿಸುವ ರೀತಿಯಲ್ಲಿ ಕಲಸಿದರೆ, 52 ಎಲೆಗಳು ಚೆನ್ನಾಗಿ ಕಲೆಯಲು ಸುಮಾರು ಏಳು ಸಲ ಬೇಕು ಎಂಬುದು ಅದರ ಸಾರ. ಮೂರ್ನಾಲ್ಕು ಸಲ ಕಲಸಿ ಸಾಕು ಎಂದರೆ ಹಳೆಯ ಕ್ರಮದ ಗುರುತು ಒಳಗೆ ಉಳಿದಿರುತ್ತದೆ. 52 ಎಲೆಗಳನ್ನು ಜೋಡಿಸಬಹುದಾದ ಕ್ರಮಗಳ ಸಂಖ್ಯೆ 68 ಅಂಕಿಗಳಷ್ಟು ಉದ್ದ. ಆದರೂ ಏಳು ಸಲ ಸಾಕು ಎಂಬುದು ಗಣಿತದ ಸೊಗಸು.

ಅತೀಂದ್ರಿಯ ಶಕ್ತಿ ಇದೆ ಎಂದು ಹೇಳಿಕೊಂಡವರ ಮೇಲೆ ನಡೆದ ಪ್ರಯೋಗಗಳಲ್ಲಿ ಎಲ್ಲಿ ತಪ್ಪಿದೆ ಎಂಬುದನ್ನೂ ಡಯಕೋನಿಸ್ ತೋರಿಸಿಕೊಟ್ಟರು. ಮೋಸ ಹೇಗೆ ನಡೆಯುತ್ತದೆ ಎಂಬುದನ್ನು ಬಲ್ಲ ಜಾದೂಗಾರನ ಕಣ್ಣು ಅಲ್ಲಿ ವಿಜ್ಞಾನಿಯ ನೆರವಿಗೆ ಬಂದಿತ್ತು.

ಕೊನೆಯ ಮೂವತ್ತು ವರ್ಷ

1963ರ ಜನವರಿಯಲ್ಲಿ ಹಾಲಿವುಡ್‌ನಲ್ಲಿ ಮ್ಯಾಜಿಕ್ ಕ್ಯಾಸಲ್ ಎಂಬ ಜಾದೂಗಾರರ ಕ್ಲಬ್ ಶುರುವಾಯಿತು. ಎಪ್ಪತ್ತರ ಹೊಸ್ತಿಲಲ್ಲಿದ್ದ ವರ್ನನ್ ಅಲ್ಲಿ ಹೋಗಿ ನೆಲೆಸಿದರು. ಹೆಚ್ಚಿನವರು ನಿವೃತ್ತರಾಗುವ ವಯಸ್ಸಿನಲ್ಲಿ ಅವರ ಬದುಕಿನ ಅತಿ ಫಲವತ್ತಾದ ಕಾಲ ಶುರುವಾಯಿತು. ಬಂದ ಹುಡುಗರಿಗೆಲ್ಲ ಕಲಿಸಿದರು, ಜೀನೀ ಎಂಬ ಜಾದೂ ಪತ್ರಿಕೆಗೆ ವರ್ಷಗಟ್ಟಲೆ ಅಂಕಣ ಬರೆದರು. ಇಸ್ಪೀಟ್ ಜಾದೂವಿನಲ್ಲಿ ದೊಡ್ಡ ಹೆಸರು ಮಾಡಿದ ರಿಕಿ ಜೇ, ಲ್ಯಾರಿ ಜೆನ್ನಿಂಗ್ಸ್ ಅವರಂಥವರು ಅವರ ಬಳಿ ಕಲಿತರು. 1992ರ ಆಗಸ್ಟ್ 21ರಂದು, 98ನೇ ವಯಸ್ಸಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು. ಶಿಷ್ಯ ಡಯಕೋನಿಸ್ ಎಲೆ ಕಲಸುವ ಲೆಕ್ಕ ಪ್ರಕಟಿಸಿದ್ದು ಅದೇ ವರ್ಷ.

ಹಾಗಾದರೆ ನಿಜ ಏನು?

ಕೈ ಕಣ್ಣಿಗಿಂತ ವೇಗ ಎಂಬುದು ಸುಳ್ಳು. ಜಾದೂ ನಡೆಯುವುದು ನಾವು ಮಾಮೂಲಿ ಎಂದು ಬಿಟ್ಟುಬಿಡುವ ಕ್ಷಣದಲ್ಲಿ, ಹಲವು ಸಲ ನಾವು ಕಾಯುವ ಕ್ಷಣಕ್ಕಿಂತ ಮೊದಲೇ.

ಎಲ್ಲ ಇಸ್ಪೀಟ್ ವಿಡಿಯೋಗಳೂ ಎಡಿಟಿಂಗ್ ಎಂಬುದೂ ಸುಳ್ಳು. ಕೆಲವು ಹಾಗಿರಬಹುದು. ಆದರೆ ಯಾವ ಎಡಿಟಿಂಗ್ ಕೂಡ ಇಲ್ಲದೆ, ಒಂದು ಮೇಜಿನ ಅಂತರದಲ್ಲಿ, ಜಗತ್ತಿನ ಅತಿ ಪ್ರಸಿದ್ಧ ಜಾದೂಗಾರನೇ ಮೋಸ ಹೋಗಿದ್ದರು.

ಬುದ್ಧಿವಂತರು ಮೋಸ ಹೋಗುವುದಿಲ್ಲ ಎಂಬುದು ಮೂರರಲ್ಲೂ ಅಪಾಯದ ಸುಳ್ಳು. ಜಾದೂಗಾರ ಎಲೆ ತೋರಿಸಿ ನಗಿಸಿ ಕಳಿಸುತ್ತಾನೆ. ರಸ್ತೆ ಬದಿಯಲ್ಲಿ ಮೂರು ಎಲೆ ಬೋರಲು ಹಾಕಿ ರಾಣಿ ಎಲ್ಲಿದೆ ಎಂದು ಕೇಳುವವನು ಇದೇ ವಿದ್ಯೆಯಿಂದ ನಿಮ್ಮ ಜೇಬು ಖಾಲಿ ಮಾಡುತ್ತಾನೆ. ಆಟವಾಡುವವರ ನಡುವೆ ಗೆಲ್ಲುತ್ತಿರುವಂತೆ ಕಾಣುವವನು ಅವನ ಕಡೆಯವನೇ. ಅಲ್ಲಿ ನಿಂತು ಗುಟ್ಟು ಹಿಡಿಯುತ್ತೇನೆ ಎಂದು ಹೊರಟವರೇ ಹೆಚ್ಚು ಕಳೆದುಕೊಳ್ಳುತ್ತಾರೆ. ಎಷ್ಟು ದಿಟ್ಟಿಸಿ ನೋಡಿದರೂ ದುಡ್ಡು ಕಟ್ಟಬೇಡಿ.

ಮುಂದಿನ ಸಲ ಇಸ್ಪೀಟ್ ಜಾದೂ ವಿಡಿಯೋ ಬಂದರೆ ಒಮ್ಮೆ ಸುಮ್ಮನೆ ಖುಷಿಯಿಂದ ನೋಡಿ. ಎರಡನೇ ಸಲ ನೋಡುವಾಗ ಎಲೆ ಮಾಯವಾಗುವ ಕ್ಷಣ ಬಿಟ್ಟು, ಅದಕ್ಕಿಂತ ಹತ್ತು ಸೆಕೆಂಡ್ ಹಿಂದೆ ಏನಾಯಿತು ಎಂದು ನೋಡಿ. ಗುಟ್ಟು ಸಿಕ್ಕರೆ ಕಾಮೆಂಟಿನಲ್ಲಿ ಬರೆಯಬೇಡಿ, ಮನೆಯಲ್ಲಿ ಒಂದು ಕಟ್ಟು ಎಲೆ ಇದ್ದರೆ ಅಭ್ಯಾಸ ಮಾಡಿ ಮಕ್ಕಳಿಗೆ ತೋರಿಸಿ.